ಫೋಟೋಕ್ಕೊಂದು ರ‍್ಯಾಂಪ್

ಕಲಬುರಗಿಯ ಒಂದು ಕಾಲೇಜಿಗೆ ನ್ಯಾಕ್ ತಂಡ ಬರುವುದಿತ್ತು. ನ್ಯಾಕ್ ಗೊತ್ತಲ್ಲ, ಕಾಲೇಜುಗಳಿಗೆ ಗ್ರೇಡು ಕೊಡುವವರು. ಹೆಣ್ಣು ನೋಡಲು ಬೀಗರು ಬರುವಾಗ ಮನೆಗೆ ಸುಣ್ಣ ಬಳಿಯುವ ಹಾಗೆ ಎಲ್ಲರೂ ಓಡಾಡುತ್ತಿದ್ದರು. ಅಂಗವಿಕಲರಿಗೆ ಏನೇನು ಅನುಕೂಲ ಮಾಡಿದ್ದೀರಿ ಎಂದು ಅವರು ಕೇಳುತ್ತಾರೆ. ಬಾಯಿಮಾತು ನಡೆಯಲ್ಲ, ತೆಗೆದ ಜಾಗವೂ ದಾಖಲಾಗುವ ಜಿಯೋಟ್ಯಾಗ್ ಫೋಟೋ ಬೇಕು. ಹಾಗಾಗಿ ಫೋಟೋಕ್ಕೆ ರ‍್ಯಾಂಪ್ ಕಟ್ಟಿದರು.

1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇರಬೇಕು. ಈ ಕಾಲೇಜಿನ ಕಟ್ಟೆ 3 ಅಡಿ, ಅಂದರೆ 36 ಅಡಿ ಜಾಗ ಬೇಕು. ಆದರೆ 8 ಅಡಿ ದಾಟಿದರೆ ಪ್ರಾಚಾರ್ಯರ ಕಾರು ನಿಲ್ಲುವ ನೆರಳು. ಕಲಬುರಗಿಯಲ್ಲಿ ಯಾರಾದರೂ ನೆರಳು ಬಿಟ್ಟುಕೊಡುತ್ತಾರಾ? 8 ಅಡಿಯಲ್ಲೇ ಮುಗಿಸಿದರು. ಈಗ ಅದು ಜಾರುಬಂಡಿ. ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಇದೆ. ಮೇ ತಿಂಗಳಲ್ಲಿ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಜಿಯೋಟ್ಯಾಗ್ ಫೋಟೋದಲ್ಲಿ ಅಕ್ಷಾಂಶ, ರೇಖಾಂಶ ಎಲ್ಲ ಬೀಳುತ್ತದೆ, ಇಳಿಜಾರು ಎಷ್ಟು ಎನ್ನುವುದು ಬೀಳಲ್ಲ.

ಬ್ರೈಲ್ ಫಲಕವೂ ಇದೆ. ಚುಕ್ಕಿಗಳನ್ನು ಪೇಂಟರ್ ಆಯಿಲ್ ಪೇಂಟಿನಲ್ಲಿ ರಂಗೋಲಿಯಂತೆ ಚೆಂದ ಇಟ್ಟಿದ್ದಾನೆ. ಯಾರಾದರೂ ಕೈಯಿಟ್ಟು ಕೊಳೆ ಮಾಡಿಯಾರು ಅಂತ ಮೇಲೆ ಗಾಜು ಬೇರೆ.

ನಮ್ಮ ಅಕ್ಕನ ಮಗ ಅಲ್ಲೇ ಓದುತ್ತಾನೆ, ಮೂರು ಗಾಲಿ ಸೈಕಲ್ಲಿನಲ್ಲಿ ಬರುತ್ತಾನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ. ಅವನಿಗೂ ಸೀಟು ಸಿಕ್ಕಿತು. ಸೀಟು ಇರುವ ಕೋಣೆ ಮಾತ್ರ ಎರಡನೇ ಮಹಡಿಯಲ್ಲಿದೆ.

ಫೋಟೋ ದಿನ ಸ್ಟೋರ್ ರೂಮಿನಿಂದ ವೀಲ್‌ಚೇರ್ ಹೊರಗೆ ಬಂತು. ಪ್ಲಾಸ್ಟಿಕ್ ಕವರ್ ಬಿಚ್ಚಿದ್ದು ಅವತ್ತೇ. ಅದರಲ್ಲಿ ಕೂರಿಸಿದ್ದು ಕಬಡ್ಡಿ ತಂಡದ ಹುಡುಗನನ್ನು. ತಪ್ಪೇನಿಲ್ಲ ಬಿಡಿ, ಆ ಇಳಿಜಾರಿನಲ್ಲಿ ಗಾಲಿ ಜಾರಿದರೆ ಹಾರಿ ಇಳಿಯುವವನೇ ಬೇಕು.

"ಸರ್, ನಾನೇ ಕೂಡ್ತೀನ್ರಿ" ಅಂದ ನಮ್ಮ ಹುಡುಗ.

"ಬ್ಯಾಡಪಾ, ನೀ ಕ್ಲಾಸಿಗಿ ಹೋಗು. ನಿಂದು ಅಟೆಂಡೆನ್ಸ್ ಕಮ್ಮಿ ಅದ."

ನಾಲ್ವರು ಗೆಳೆಯರು ಎಂದಿನಂತೆ ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದರು. ಹಿಂದಿನಿಂದ ಫೋಟೋಗ್ರಾಫರ್ ಕೂಗಿದ:

"ಏ, ಬಾಜೂ ಸರೀರಿ! ಫೋಟೋದಾಗ ಬರಲಕತ್ತೀರಿ."