ಒಂದೇ ಅಂಕದ ಗೆಲುವು: 1980ರ ರೈಲ್ವೇ ಕಪ್

ಐರ್ಲೆಂಡಿನ ನಾಲ್ಕು ಪ್ರಾಂತ್ಯಗಳ ನಡುವೆ ನಡೆಯುತ್ತಿದ್ದ ಹರ್ಲಿಂಗ್ ಪಂದ್ಯಾವಳಿಯಾದ ರೈಲ್ವೇ ಕಪ್‌ನ ಮಾತು ಬಂದಾಗ, ಅದೊಂದು ಹಳೆಯ ಕಾಲದ ಅಲಂಕಾರ, ನಿಂತುಹೋದದ್ದರಿಂದ ಯಾರಿಗೂ ನಷ್ಟವಿಲ್ಲ ಎನ್ನುವವರೇ ಹೆಚ್ಚು. ನನಗೆ ಈ ಅಭಿಪ್ರಾಯ ಒಪ್ಪಿಗೆಯಾಗುವುದಿಲ್ಲ. ಅದಕ್ಕೆ ಕಾರಣ 1980ರ ಋತು.

ಹರ್ಲಿಂಗ್ ನೋಡದವರಿಗಾಗಿ ಎರಡು ಮಾತು. ತಂಡಕ್ಕೆ 15 ಜನ, ಕೈಯಲ್ಲಿ ತುದಿ ಅಗಲವಾದ ಮರದ ಕೋಲು, ಚರ್ಮ ಹೊದಿಸಿದ ಸಣ್ಣ ಚೆಂಡು. ಚೆಂಡು ಬಲೆಗೆ ಬಿದ್ದರೆ ಗೋಲು, ಅಂದರೆ 3 ಅಂಕ. ಅಡ್ಡಪಟ್ಟಿಯ ಮೇಲಿಂದ ಹಾದುಹೋದರೆ ಪಾಯಿಂಟ್, ಅಂದರೆ 1 ಅಂಕ.

ರೈಲ್ವೇ ಕಂಪನಿಯೊಂದು ಕೊಟ್ಟ ಬಟ್ಟಲಿಗಾಗಿ 1927ರಲ್ಲಿ ಆರಂಭವಾದ ಈ ಪಂದ್ಯಾವಳಿಯ ಫೈನಲ್, ಸಂತ ಪ್ಯಾಟ್ರಿಕ್ ಹಬ್ಬದ ದಿನವಾದ ಮಾರ್ಚ್ 17ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ನಡೆಯುವುದು ವಾಡಿಕೆಯಾಗಿತ್ತು. 1954ರಲ್ಲಿ ಸುಮಾರು 49,000 ಜನ ನೆರೆದಿದ್ದರು. ಬೇಸಿಗೆಯಲ್ಲಿ ಪರಸ್ಪರ ಸೆಣಸುವ ಕಾರ್ಕ್ ಮತ್ತು ಟಿಪ್ಪರೇರಿ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಆಟಗಾರರು ಅಂದು ಮನ್‌ಸ್ಟರ್ ಪ್ರಾಂತ್ಯದ ಅಂಗಿ ತೊಟ್ಟು ಒಂದಾಗಿ ಆಡುತ್ತಿದ್ದರು. ಕಾರ್ಕಿನ ಕ್ರಿಸ್ಟಿ ರಿಂಗ್ ಒಬ್ಬನೇ 1942ರಿಂದ 1963ರವರೆಗೆ 18 ಪದಕ ಗೆದ್ದ. ರಣಜಿಯಲ್ಲಿ ಎದುರಾಳಿಗಳಾದ ಕರ್ನಾಟಕ, ತಮಿಳುನಾಡಿನವರು ದುಲೀಪ್ ಟ್ರೋಫಿಗೆ ದಕ್ಷಿಣ ವಲಯದ ಪರವಾಗಿ ಜೊತೆಗೂಡುವುದನ್ನು ಕಂಡ ನಮಗೆ ಇದು ಹೊಸದಲ್ಲ. ದುಲೀಪ್ ಪಂದ್ಯಗಳ ಖಾಲಿ ಗ್ಯಾಲರಿಗಳನ್ನು ಕಂಡವರಿಗೆ ರೈಲ್ವೇ ಕಪ್ಪಿಗೆ ಮುಂದೆ ಒದಗಿದ ಗತಿಯೂ ಹೊಸದೆನಿಸದು. ಟೆಲಿವಿಷನ್ ಬಂತು, 1970ರ ದಶಕದಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಪಂದ್ಯಾವಳಿ ಬಂತು, ಜನ ಅತ್ತ ಸರಿದರು.

ಆದರೆ ಈ ಕಥೆಯೆಲ್ಲ ಮನ್‌ಸ್ಟರ್ ಮತ್ತು ಲೆನ್‌ಸ್ಟರ್ ಕಡೆಯಿಂದ ನೋಡಿದ ಕಥೆ. ಪಶ್ಚಿಮದ ಕನಾಟ್ ಪ್ರಾಂತ್ಯದಲ್ಲಿ ಹರ್ಲಿಂಗ್ ಬಲ್ಲ ಕೌಂಟಿ ಎಂದರೆ ಗಾಲ್ವೇ ಒಂದೇ. ಮನೆಯಂಗಳದಲ್ಲಿ ಸಮಬಲದ ಎದುರಾಳಿ ಇಲ್ಲದ ತಂಡ ಹದಗೊಳ್ಳುವುದಾದರೂ ಹೇಗೆ? 1959ರಿಂದ 1969ರವರೆಗೆ ಅವರನ್ನು ಮನ್‌ಸ್ಟರ್ ಪಂದ್ಯಾವಳಿಗೆ ಸೇರಿಸಿ ನೋಡಲಾಯಿತು, ಫಲ ಸಿಗಲಿಲ್ಲ. ಕೌಂಟಿಗಳು ಸೆಣಸುವ ಅಖಿಲ ಐರ್ಲೆಂಡ್ ಪಂದ್ಯಾವಳಿಯ ಪ್ರಶಸ್ತಿ ಅವರಿಗೆ ಆವರೆಗೆ ಕೊನೆಯ ಬಾರಿ ಸಿಕ್ಕಿದ್ದು 1923ರಲ್ಲಿ. 1975 ಮತ್ತು 1979ರ ಫೈನಲ್‌ಗಳಲ್ಲಿ ಕಿಲ್ಕೆನ್ನಿಯ ಎದುರು ಸೋತಿದ್ದರು. ಎರಡು ಸೋಲು ಉಂಡ ತಂಡಕ್ಕೆ ಕೌಶಲದ ಕೊರತೆಗಿಂತ ತಾವು ಗೆಲ್ಲಬಲ್ಲೆವೆಂಬ ನಂಬಿಕೆಯ ಕೊರತೆಯೇ ದೊಡ್ಡದಾಗಿತ್ತೆಂದು ನನ್ನ ಭಾವನೆ.

ಇಂಥ ತಂಡವೇ ಕನಾಟ್ ಎಂಬ ಹೆಸರು ಹೊತ್ತು 1980ರ ರೈಲ್ವೇ ಕಪ್ ಫೈನಲಿನಲ್ಲಿ ಮನ್‌ಸ್ಟರ್‌ಗೆ ಎದುರಾಯಿತು. ಒಂದು ಕಡೆ ಐದಾರು ಕೌಂಟಿಗಳಿಂದ ಆರಿಸಿ ತೆಗೆದವರು, ಇನ್ನೊಂದು ಕಡೆ ಹೆಸರಿಗೆ ಪ್ರಾಂತ್ಯವಾದರೂ ವಸ್ತುತಃ ಒಂದೇ ಕೌಂಟಿಯವರು. ಕನಾಟ್ 1 ಗೋಲು 5 ಪಾಯಿಂಟ್, ಮನ್‌ಸ್ಟರ್ 7 ಪಾಯಿಂಟ್: ಎಂಟಕ್ಕೆ ಏಳು. ನೋಡಲು ಸೊಗಸಾದ ಆಟವೆಂದು ಈ ಅಂಕಗಳನ್ನು ನೋಡಿ ಯಾರೂ ಹೇಳಲಾರರು. ಆದರೆ ಕನಾಟ್‌ಗೆ 1947ರ ನಂತರ, ಅಂದರೆ 33 ವರ್ಷಗಳ ಮೇಲೆ, ದೊರೆತ ರೈಲ್ವೇ ಕಪ್ ಅದು. ಉಳಿದವರು ಹಬ್ಬದ ಶಾಸ್ತ್ರವೆಂದುಕೊಂಡಿದ್ದ ಪಂದ್ಯ ಇವರಿಗೆ ವರ್ಷದ ಮೊದಲ ಪರೀಕ್ಷೆಯಾಗಿತ್ತು.

ಅದೇ ಸೆಪ್ಟೆಂಬರಿನ ಅಖಿಲ ಐರ್ಲೆಂಡ್ ಫೈನಲಿನಲ್ಲಿ ಗಾಲ್ವೇ 2 ಗೋಲು 15 ಪಾಯಿಂಟ್, ಲಿಮರಿಕ್ 3 ಗೋಲು 9 ಪಾಯಿಂಟ್: ಇಪ್ಪತ್ತೊಂದಕ್ಕೆ ಹದಿನೆಂಟು. 57 ವರ್ಷಗಳ ಬರ ನೀಗಿತು. ನಾಯಕ ಜೋ ಕಾನಲಿ ಐರಿಷ್ ಭಾಷೆಯಲ್ಲಿ ಮಾತನಾಡಿ, ಹೊಟ್ಟೆಪಾಡಿಗಾಗಿ ದೇಶ ಬಿಟ್ಟು ಹೋದ ಗಾಲ್ವೇ ಜನರನ್ನೂ ನೆನೆದ. ಮಾರ್ಚಿನ ಗೆಲುವೇ ಸೆಪ್ಟೆಂಬರಿನ ಗೆಲುವನ್ನು ತಂದಿತೆಂದು ನಾನು ಹೇಳುತ್ತಿಲ್ಲ. ಆದರೆ ಒಂದಂಕದ ಅಂತರವನ್ನು ಕೊನೆಯವರೆಗೆ ಕಾಯ್ದುಕೊಂಡವರಿಗೆ ಮೂರಂಕದ ಅಂತರವನ್ನು ಕಾಯ್ದುಕೊಳ್ಳುವ ಧೈರ್ಯ ಎಲ್ಲಿಂದ ಬಂದಿರಬಹುದೆಂದು ಕೇಳುತ್ತಿದ್ದೇನೆ.

2009ರಲ್ಲಿ ಗಾಲ್ವೇ ಲೆನ್‌ಸ್ಟರ್ ಪಂದ್ಯಾವಳಿಗೆ ಸೇರಿತು. ಈಗ ಪ್ರತಿ ಬೇಸಿಗೆಯಲ್ಲೂ ಸಮಬಲದ ಎದುರಾಳಿಗಳು ಸಿಗುವುದರಿಂದ ಅವರಿಗೂ ಆ ಹಳೆಯ ಕಪ್ಪಿನ ಹಂಗಿಲ್ಲ. ಸುಸ್ತಾದ ಪಂದ್ಯಾವಳಿಗೆ ರೋಮ್, ಅಬುಧಾಬಿಗಳಲ್ಲಿ ಫೈನಲ್ ಆಡಿಸಿ ಜೀವ ತುಂಬಲು ಹೊರಟವರು, ಅದು ಒಂದು ಕಾಲದಲ್ಲಿ ಯಾರಿಗೆ ನಿಜವಾಗಿ ಬೇಕಾಗಿತ್ತೆಂದು ಗಾಲ್ವೇಯವರನ್ನು ಕೇಳಬೇಕಿತ್ತು.