ಸತ್ಯಾಂಶ: ಮುಖದ ಫೋಟೊ ನೋಡಿ ಎಐ ಕ್ಯಾನ್ಸರ್ ನೋವು ಅಳೆಯುತ್ತದೆಯೇ?

“ಫೋಟೊ ತೆಗೆದರೆ ಸಾಕು, ಎಐ ನೋವು ಎಷ್ಟೆಂದು ಹೇಳುತ್ತದೆ, ರೋಗಿಯನ್ನು ಕೇಳಬೇಕಿಲ್ಲ” ಎಂಬ ಫಾರ್ವರ್ಡ್ ನಿಜವಲ್ಲ.

ಎಐ ನೋಡುವುದು ಹುಬ್ಬು ಗಂಟಿಕ್ಕುವುದು, ಕಣ್ಣು ಕಿರಿದಾಗುವುದು, ಮೂಗು ಸುಕ್ಕಾಗುವುದು ಇಂಥ ಚಲನೆಗಳನ್ನು. ಮುಖ ನೋಡಿ ನೋವು ಅಳೆಯುವ ಸಂಶೋಧನೆಯಲ್ಲಿ ಬಹಳ ಬಳಕೆಯಾದ 2011ರ ವಿಡಿಯೊ ಸಂಗ್ರಹ ಭುಜನೋವಿನವರದ್ದು, ಕ್ಯಾನ್ಸರ್ ರೋಗಿಗಳದ್ದಲ್ಲ. ತಿಂಗಳುಗಟ್ಟಲೆ ನೋವುಂಡವರ ಮುಖ ಎಷ್ಟೋ ಸಲ ಶಾಂತವಾಗಿಯೇ ಇರುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಔಷಧದ ಮಂಪರು, ಆಕ್ಸಿಜನ್ ಮಾಸ್ಕ್, ಮಬ್ಬು ಬೆಳಕು ಲೆಕ್ಕ ತಪ್ಪಿಸುತ್ತವೆ. ಬಾಯಿ ಕ್ಯಾನ್ಸರ್ ಆಪರೇಷನ್ ಆದವರ ಮುಖವಂತೂ ಮೊದಲಿನಂತೆ ಅಲುಗದಿರಬಹುದು.

ಮಾತಾಡಬಲ್ಲವರನ್ನು ಕೇಳಿಯೇ ತಿಳಿಯಬೇಕು: “ಸೊನ್ನೆ ಅಂದ್ರೆ ನೋವಿಲ್ಲ, ಹತ್ತು ಅಂದ್ರೆ ತಡೆಯಕ್ಕೇ ಆಗದ್ದು. ಈಗ ಎಷ್ಟೈತವ್ವ?” ಸುಮ್ಮನೆ ಮಲಗಿದ್ದಾಗ ಒಮ್ಮೆ, ಮಗ್ಗುಲು ಬದಲಿಸುವಾಗ ಒಮ್ಮೆ ಕೇಳಿ. ನೋವು ಎಲ್ಲಿ, ಉರಿಯೋ ಚುಚ್ಚೋ, ಮಾತ್ರೆ ಕೊಟ್ಟ ಸಮಯ, ಗಂಟೆ ಬಿಟ್ಟು ಅಂಕಿ ಎಷ್ಟಾಯಿತು, ಎಲ್ಲ ಬರೆದಿಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಹೋಗುವಾಗ ಆ ಚೀಟಿ ಒಯ್ಯಿರಿ. ಅಂಕಿ 7 ಮುಟ್ಟಿದರೆ ಮುಂದಿನ ತಪಾಸಣೆಗೆಂದು ಕಾಯದೆ ವೈದ್ಯರನ್ನು ಸಂಪರ್ಕಿಸಿ.

ಮಾತು ನಿಂತವರಲ್ಲಿ ನರಳಾಟ, ಮೈ ಬಿಗಿಹಿಡಿಯುವುದು, ತಿರುಗಿಸಲು ಹೋದರೆ ಕೈ ತಳ್ಳುವುದನ್ನು ಗಮನಿಸಿ. ಎಐ ನೆರವಾಗಬಹುದಾದ ಜಾಗ ಇದೇ. ಅಲ್ಲಿಯೂ ಆ್ಯಪ್ ತೋರಿಸಿದ ಅಂಕಿ ನಂಬಿ ಮಾರ್ಫಿನ್ ಪ್ರಮಾಣವನ್ನು ನೀವೇ ಏರಿಳಿಸಬೇಡಿ.