ಕರ್ಣಕುಂಡಲದ ಬೆನ್ನು ಬಿದ್ದು

ಜೋಸೆಫ್ ಹೂಕರ್ ಅಂತ ಒಬ್ಬ ಸಸ್ಯವಿಜ್ಞಾನಿ ಇದ್ದರು. ಕೊನೆಯ ವರ್ಷಗಳನ್ನೆಲ್ಲ ಕರ್ಣಕುಂಡಲ ಹೂಗಿಡದ ಜಾತಿಗಳನ್ನು ಬೇರ್ಪಡಿಸುವುದಕ್ಕೇ ಸುರಿದರು. 1911ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಬೆಳಗಾವಿಯಿಂದ ಗೋವಾಕ್ಕೆ ಹೋಗುವ ದಾರಿಯ ಚೋರ್ಲಾ ಘಾಟಿನಲ್ಲಿ ಅದೇ ಕೆಲಸಕ್ಕೆ ನಮ್ಮ ಮನೆಯವರು ನನಗೆ ಕೊಟ್ಟಿದ್ದು ಒಂದು ಚಹಾ ಆರುವಷ್ಟು ಹೊತ್ತು.

ಗಣಪತಿ ಹಬ್ಬದ ಹೊತ್ತಿಗೆ ಕಣಕುಂಬಿ ದಾಟಿದರೆ ಒದ್ದೆ ಬಂಡೆಗಳ ಮೇಲೆಲ್ಲ ಗುಲಾಬಿ ಬಣ್ಣದ ಪುಟ್ಟ ಹೂ. ಮುಂದಿನಿಂದ ನೋಡಿದರೆ ಎಲ್ಲವೂ ಒಂದೇ. ಹೂವಿನ ಬೆನ್ನಿಗೆ ಬಾಗಿದ ಕೊಂಬೊಂದು ಇರುತ್ತದೆ, ಮಕರಂದ ಅದರೊಳಗೆ. ಅದು ಉದ್ದವೋ ಗಿಡ್ಡವೋ ನೋಡಬೇಕು. ಎಲೆಯನ್ನೂ ನೋಡಬೇಕು. ಅಂಗಳದ ಕರ್ಣಕುಂಡಲಕ್ಕೆ ಎಲೆ ಒಂದು ಆಚೆ, ಒಂದು ಈಚೆ. ಇಂಪೇಷನ್ಸ್ ಆಪೊಸಿಟಿಫೋಲಿಯಾದಂಥ ಕಾಡು ಕರ್ಣಕುಂಡಲಗಳಿಗೆ ಎದುರುಬದುರು. ಕಿತ್ತು ಪೇಪರಿನಲ್ಲಿಟ್ಟು ಮನೆಗೆ ಒಯ್ದರೆ ಹೂವೆಲ್ಲ ಮುದ್ದೆ. ಮನೆಯವರ ಮೊಬೈಲಿನ ಆ್ಯಪ್ ಕೇಳಿದರೆ, ಕುಂಡದಲ್ಲಿ ಬೆಳೆಸುವ ಆಫ್ರಿಕಾದ ಗಿಡ ಅಂದಿತು.

ಹಾಗಾಗಿ ಜಿಟಿಜಿಟಿ ಮಳೆಯಲ್ಲಿ ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ರಸ್ತೆ ಬದಿ ಮೊಣಕಾಲೂರಿದೆ. ಒಂದು ಟೆಂಪೊ ನಿಂತಿತು.

"ಏನ್ ನೋಡಾಕತ್ತೀರಿ ಅಕ್ಕಾರ?"

"ಕರ್ಣಕುಂಡಲ ನೋಡಾಕತ್ತೀನೋ ತಮ್ಮಾ."

ಡ್ರೈವರ್ ಹಿಂದೆ ತಿರುಗಿ, "ಅಕ್ಕಾರ್ದು ಕಿವ್ಯಾಂದು ಬಿದ್ದೈತಂತ, ಇಳೀರಿ" ಅಂದ. ಬಂಗಾರದ ರೇಟು ಯಾರಿಗೆ ಗೊತ್ತಿಲ್ಲ ಹೇಳಿ? ಟೆಂಪೊ ಪೂರ್ತಿ ಖಾಲಿಯಾಯಿತು. ನಾನು ಬಾಯಿ ಬಿಡುವಷ್ಟರಲ್ಲಿ ಒಬ್ಬಜ್ಜಿ ನನ್ನ ಎರಡೂ ಕಿವಿ ಹಿಡಿದು ನೋಡಿದಳು. ಎರಡೂ ಬೆಂಡೋಲೆ ಇದ್ದವು. "ಹಂಗಾದ್ರ ಕಾಲುಂಗುರ ಇರಬೇಕು" ಅಂತ ತಾನೂ ಬಗ್ಗಿದಳು.

ಹುಲ್ಲು ಸರಿಸುತ್ತಿದ್ದ ಹುಡುಗನ ಕೈ ಒಂದು ಬಲಿತ ಕಾಯಿಗೆ ತಾಗಿತು. ಟಪ್! ಸಿಪ್ಪೆ ಸುರುಳಿಯಾಗಿ ಬೀಜ ಡ್ರೈವರನ ಮೂಗಿಗೆ ಬಡಿಯಿತು. ಅಷ್ಟೇ, ಕಾಲುಂಗುರ ಯಾರಿಗೆ ಬೇಕು? ದೊಡ್ಡವರು ಚಿಕ್ಕವರು ಅನ್ನದೆ ಎಲ್ಲರೂ ಕಾಯಿ ಒಡೆಯಲು ಕೂತರು. ಒಂದು ಮಳೆಗಾಲ ಬದುಕುವ ಗಿಡ ಇದು, ಮುಂದಿನ ವರ್ಷಕ್ಕೆ ಆ ಬೀಜವೇ ಗತಿ. ಬಿತ್ತನೆಯಂತೂ ಭರ್ಜರಿಯಾಗಿ ನಡೆಯಿತು.

ಅಜ್ಜಿ ಮಾತ್ರ ಒಂದು ಗಿಡ ಹಿಡಿದು ನೋಡುತ್ತಿದ್ದಳು. "ಇದರ ಎಲಿ ಜೋಡಿ ಅದಾವಲ್ಲವಾ. ನಮ್ಮ ಹಿತ್ತಲದ್ದು ಹಿಂಗಿಲ್ಲ." ಭೂತಗನ್ನಡಿಯಿಲ್ಲ, ಪುಸ್ತಕವಿಲ್ಲ! ಕೊಂಬನ್ನೂ ಆಕೆಗೇ ತೋರಿಸಿ ಕೇಳೋಣ ಅಂತ ಫೋನ್ ತೆಗೆದೆ. ಅಷ್ಟರಲ್ಲಿ ಹೂವು ಆಕೆಯ ತುರುಬು ಸೇರಿತ್ತು, ಡ್ರೈವರ್ ಹಾರ್ನ್ ಬಾರಿಸಿದ, ಕೊಂಬು ಗೋವಾ ಕಡೆ ಹೊರಟೇ ಹೋಯಿತು.

ಮರಳಿ ಬರುವಾಗ ಜಾಂಬೋಟಿಯಲ್ಲಿ ಚಹಾಕ್ಕೆ ನಿಂತೆವು. ನಾನು ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಕೇಳಿದೆ. ಅಂಗಡಿಯವ ಉಪ್ಪು ಕೊಡುತ್ತ ನನ್ನ ಕೆಸರಾದ ಸೀರೆ ನೋಡಿದ.

"ಘಾಟಿನ್ಯಾಗ ಐದು ತೊಲಿ ಸರ ಕಳಕೊಂಡವರು ನೀವಽ ಏನ್ರಿ?"

ಮನೆಯವರು ಚಹಾದ ಲೋಟ ಕೆಳಗಿಟ್ಟು ನನ್ನ ಕೊರಳು ನೋಡಿದರು.